ಹಸಿರು ಪಟ್ಟಿ ಕಾಣದ ಒಂದು ಕಾರ್ಡು

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಹಳೆಯ ಮೂರಂತಸ್ತಿನ ಕಟ್ಟಡವೊಂದರ ಹಿಂಬಾಗಿಲ ಬಳಿ ಐವತ್ತೆಂಟರ ಹೆಂಗಸೊಬ್ಬರು ಬೀಗದ ಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಸರ್ಕಾರಿ ಗೆಜೆಟ್ಟಿನ ಕಟ್ಟು ಎತ್ತಿಕೊಳ್ಳುತ್ತಿದ್ದಾರೆ. ಮುದ್ರಣಾಲಯದ ವ್ಯಾನು ಕಟ್ಟನ್ನು ಮೆಟ್ಟಿಲ ಮೇಲೆ ಎಸೆದು ಹೋಗಿ ಹತ್ತು ನಿಮಿಷವಾಗಿರಬಹುದು. ಇಬ್ಬನಿಗೆ ಮೇಲಿನ ಕಾಗದ ಒದ್ದೆಯಾಗಿದೆ. ಬಾಗಿಲು ತೆಗೆದು, ಸೆರಗಿನಿಂದ ಅದನ್ನು ಒರೆಸುತ್ತ, ವ್ಯಾನಿನ ಚಾಲಕನ ವಂಶವನ್ನು ಮೆಲುದನಿಯಲ್ಲಿ ಉದ್ಧಾರ ಮಾಡುತ್ತ ಅವರು ಇಪ್ಪತ್ತೊಂದು ಮೆಟ್ಟಿಲು ಇಳಿದು ನೆಲಮಾಳಿಗೆಗೆ ಬರುತ್ತಾರೆ.

ಅಲ್ಲಿರುವುದು ನಲವತ್ತೆಂಟು ಮರದ ಡ್ರಾಯರುಗಳು, ಒಂದು ಮೇಜು, ಒಂದು ದೂರವಾಣಿ, ಆಮೇಲೆ ತೆಗೆದರೆ ಹಾಕಲಾಗದ, ಹಾಕಿದರೆ ತೆಗೆಯಲಾಗದ ಒಂದು ಕಿಟಕಿ. ಡ್ರಾಯರುಗಳಲ್ಲಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಕಾರ್ಡುಗಳಿವೆ. ಈ ದೇಶ ಬೇರೆ ದೇಶಗಳ ಜೊತೆ ಮಾಡಿಕೊಂಡ ಒಂದೊಂದು ಒಪ್ಪಂದಕ್ಕೂ ಒಂದೊಂದು ಕಾರ್ಡು. ಮೀನು ಹಿಡಿಯುವುದು, ಅಂಚೆ ಸಾಗಿಸುವುದು, ಕೈದಿಗಳನ್ನು ಒಪ್ಪಿಸುವುದು, ಗಡಿಕಲ್ಲು ನೆಡುವುದು, ಎಲ್ಲವೂ ಅಲ್ಲಿವೆ. ಮೇಲಿನ ಮಹಡಿಯಲ್ಲಿ ಇದೇ ಮಾಹಿತಿಯ ಕಂಪ್ಯೂಟರೂ ಇದೆ. ಅದು ಎರಡು ಸಲ ಎಲ್ಲವನ್ನೂ ನುಂಗಿ ನೀರು ಕುಡಿದ ಮೇಲೆ ಜನ ಮತ್ತೆ ನೆಲಮಾಳಿಗೆಗೇ ಫೋನು ಮಾಡುತ್ತಾರೆ.

ಅವರು ನಿಂತೇ ಗೆಜೆಟ್ ಓದುತ್ತಾರೆ, ಅದೂ ಕೊನೆಯ ಪುಟದಿಂದ. "ಮುಂದಿನ ಪುಟದಲ್ಲಿ ದೊಡ್ಡೋರ ಹೆಸರಿರುತ್ತೆ. ಆಗಿರೋ ಕೆಲಸ ಹಿಂದಿನ ಪುಟದಲ್ಲಿ ಸಣ್ಣಕ್ಷರದಲ್ಲಿರುತ್ತೆ" ಎನ್ನುತ್ತಾರೆ. ಈವತ್ತು ಎರಡೇ ಸಾಲು ಸಿಕ್ಕಿದೆ. ದೂರದ ದೇಶವೊಂದರ ಜೊತೆಗಿನ ಸುಂಕದ ಒಪ್ಪಂದ ಜಾರಿಗೆ ಬಂದಿದೆ. ಹನ್ನೊಂದನೆಯ ಡ್ರಾಯರಿನಿಂದ ಕಾರ್ಡು ತೆಗೆದು, ಮೇಲಿನ ಮೂಲೆಗೆ ಬೆರಳಗಲದ ಹಸಿರು ಪಟ್ಟಿ ಅಂಟಿಸಿ, ತಾರೀಕು ಬರೆದು ವಾಪಸ್ಸು ಇಡುತ್ತಾರೆ. ಮೇಜಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ ಇನ್ನೊಂದು ಕಾರ್ಡಿದೆ. ಅಂಚು ಸವೆದು ಬಟ್ಟೆಯಂತಾಗಿದೆ. ಅದಕ್ಕೆ ಹಳದಿ ಪಟ್ಟಿ ಇದೆ, ಹಸಿರು ಇಲ್ಲ. ಅದರ ಕಡೆ ಒಮ್ಮೆ ನೋಡಿ ಅವರು ಟೀಗೆ ನೀರಿಡುತ್ತಾರೆ.

ರಾಷ್ಟ್ರೀಯ ಅಂತರರಾಷ್ಟ್ರೀಯ ಕಾನೂನು ಸಂಘ ಎಂಬ, ಹೆಸರಿನಲ್ಲೇ ಹಗ್ಗಜಗ್ಗಾಟ ಇರುವ ಈ ಸಂಸ್ಥೆಯಲ್ಲಿ ಅವರಿಗೆ ಮೂವತ್ತನಾಲ್ಕು ವರ್ಷದ ಸೇವೆ. ಬೆರಳಚ್ಚುಗಾರ್ತಿಯಾಗಿ ಸೇರಿದರು, ಈಗ ಹುದ್ದೆಯ ಹೆಸರು 'ದಾಖಲೆ ಸಹಾಯಕಿ'. ಆ ಹೆಸರು ಸಂಬಳದ ಚೀಟಿಯ ಆಚೆ ಯಾರಿಗೂ ಗೊತ್ತಿಲ್ಲ. ಈ ದೇಶದ ಅಂತರರಾಷ್ಟ್ರೀಯ ಕಾನೂನು ಪಂಡಿತರಿಗೆಲ್ಲ ಅವರು ಕಾರ್ಡಮ್ಮ.

ಎಂಟೂ ಕಾಲಿಗೆ ಮೊದಲ ಫೋನು. ಕೋರ್ಟಿಗೆ ಹೊರಟ ವಕೀಲರೊಬ್ಬರು ಕಾರಿನಿಂದಲೇ ಕೂಗುತ್ತಿದ್ದಾರೆ. ಕೇಳುವುದು ಎಲ್ಲರೂ ಕೇಳುವ ಅದೇ ಪ್ರಶ್ನೆ, ಜಾರಿಯಲ್ಲಿದೆಯಾ? "ಇಲ್ಲ ಸರ್. ಸಹಿ ಆಗಿದೆ, ಅಷ್ಟೇ. ಅದನ್ನ ನಂಬ್ಕೊಂಡು ಜಡ್ಜ್ ಮುಂದೆ ನಿಲ್ಲಬೇಡಿ." ಆ ಕಡೆ ಒಂದು ನಿಟ್ಟುಸಿರು. ಇಂಥ ಫೋನು ದಿನಕ್ಕೆ ಹದಿನೈದರಿಂದ ಇಪ್ಪತ್ತು. ಸಂಸತ್ತಿನ ಅಧಿವೇಶನ ನಡೆಯುವಾಗ ನಲವತ್ತು ದಾಟುತ್ತದೆ.

ಒಪ್ಪಂದಗಳ ಈ ಲೋಕ ಗೊತ್ತಿಲ್ಲದವರಿಗೆ ಕಾರ್ಡಮ್ಮ ಅರ್ಧ ನಿಮಿಷದಲ್ಲಿ ಪಾಠ ಮುಗಿಸುತ್ತಾರೆ. "ಮಂತ್ರಿಗಳು ಸಹಿ ಹಾಕಿದ್ರೆ ಮಾತು ಕೊಟ್ಟ ಹಾಗೆ. ಬಿಳಿ ಕಾರ್ಡು. ಸಂಸತ್ತು ಒಪ್ಪಿದ್ರೆ ಮನೆಯೋರು ಹೂಂ ಅಂದ ಹಾಗೆ. ಹಳದಿ ಪಟ್ಟಿ. ಆಮೇಲೆ, ನಾವು ಒಪ್ಪಿದೀವಿ ಅಂತ ಬರೆದ ಪತ್ರ ನಮ್ಮೋರು ಅವರ ಕೈಗೆ, ಅವರು ನಮ್ಮೋರ ಕೈಗೆ ಕೊಡಬೇಕು. ಆಗಲೇ ಸಂಸಾರ ಶುರು. ಹಸಿರು." ಓದಿಕೊಂಡವರು ಮೊದಲು ಮರೆಯುವುದು ಈ ಮೂರನೆಯ ಹೆಜ್ಜೆಯನ್ನೇ ಅಂತೆ. ಪತ್ರ ಕೈ ಬದಲಾಗಿದ್ದಕ್ಕೆ ರುಜುವಾತು ತಮ್ಮ ಕಣ್ಣಿಗೆ ಬೀಳುವವರೆಗೆ ಅವರು ಹಸಿರು ಅಂಟಿಸುವುದಿಲ್ಲ, ಯಾರು ಹೇಳಿದರೂ ಅಷ್ಟೇ.

ಸಂಘದಲ್ಲಿ ಇನ್ನೂರ ಹದಿನಾಲ್ಕು ಸದಸ್ಯರಿದ್ದಾರೆ. ಅವರಲ್ಲಿ ಮೂರು ಪಂಗಡ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು, ವಿದೇಶಾಂಗ ಇಲಾಖೆಗೆ ಸಲಹೆ ಹೇಳುವವರು, ಕಕ್ಷಿದಾರರ ಪರ ವಾದ ಹೇಳುವವರು. ಹೇಳುವವರೇ ಎಲ್ಲ, ಕೇಳುವವರು ಮಾತ್ರ ನೆಲಮಾಳಿಗೆಯಲ್ಲಿ ಒಬ್ಬರೇ. ಎರಡು ದೇಶಗಳ ಜಗಳ ಬಿಡಿಸಬಲ್ಲ ಈ ಮಹನೀಯರಿಗೆ ವಾರ್ಷಿಕ ಸಮ್ಮೇಳನದಲ್ಲಿ ಮುಂದಿನ ಸಾಲಿನ ಕುರ್ಚಿ ಹಂಚಿಕೊಳ್ಳಲು ಆಗುವುದಿಲ್ಲ. ಯಾರ ಪಕ್ಕ ಯಾರನ್ನು ಕೂರಿಸಬಾರದು, ಯಾರ ಪುಸ್ತಕವನ್ನು ಯಾರ ಎದುರು ಹೊಗಳಬಾರದು ಎಂಬುದೆಲ್ಲ ಕಾರ್ಡಮ್ಮನ ತಲೆಯಲ್ಲಿದೆ. ಸದಸ್ಯರ ಪಟ್ಟಿಯನ್ನು ವರ್ಷ ವರ್ಷ ಅಚ್ಚಿಗೆ ಸಿದ್ಧ ಮಾಡುವುದೂ ಅವರೇ. ಕಾನೂನು ಪದವಿ ಇಲ್ಲದ್ದರಿಂದ ಆ ಪಟ್ಟಿಯಲ್ಲಿ ಅವರ ಹೆಸರು ಇಲ್ಲ. ಪಂಡಿತರ ಪುಸ್ತಕಗಳ ಮುನ್ನುಡಿಯಲ್ಲಿ 'ಸಂಘದ ಸಿಬ್ಬಂದಿಗೂ ವಂದನೆಗಳು' ಎಂಬ ಸಾಲು ಬರುತ್ತದೆ. ಆ ಸಿಬ್ಬಂದಿ ತಾವೇ ಎಂದು ಅವರು ಅಂದುಕೊಳ್ಳುತ್ತಾರೆ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಅವರ ಯಜಮಾನರಿಗೆ ಇದೆಲ್ಲ ತಮಾಷೆ. "ಇವಳ ಕೈಕೆಳಗೆ ಇನ್ನೂರು ಚಿಲ್ಲರೆ ಲಾಯರ್‌ಗಳು. ಪಕ್ಕದ ಮನೆಯೋನು ನಮ್ಮ ಗೋಡೆ ಒತ್ತುವರಿ ಮಾಡಿದಾಗ ಕೇಳಿದ್ರೆ, ಅದು ದೇಶದೊಳಗಿನ ವಿಷಯ, ನಮಗೆ ಬರಲ್ಲ ಅಂದ್ಬಿಟ್ರು!" ಎಂದು ಅವರು ನಗುತ್ತಾರೆ. ಆದರೆ ಮೇಜಿನ ಮೇಲಿನ ಆ ಕಾರ್ಡಿನ ಮಾತೆತ್ತಿದರೆ ಅವರ ನಗು ನಿಲ್ಲುತ್ತದೆ. "ಅದನ್ನ ಅವಳೇ ಹೇಳಲಿ" ಎಂದು ಎದ್ದು ಒಳಗೆ ಹೋಗುತ್ತಾರೆ.

ಕಾರ್ಡಮ್ಮ ಹುಟ್ಟಿದ್ದು ಗಡಿಯ ಊರಿನಲ್ಲಿ. ಊರಾಚೆ ಹೊಳೆ, ಹೊಳೆಗೆ ಸೇತುವೆ, ಸೇತುವೆಯ ಆಚೆ ತುದಿ ಬೇರೆ ದೇಶ. ಅವರು ಚಿಕ್ಕವರಿದ್ದಾಗ ಒಂದು ಚೀಟಿ ತೋರಿಸಿ ಯಾರು ಬೇಕಾದರೂ ದಾಟಬಹುದಿತ್ತು. ಆರು ವರ್ಷ ದೊಡ್ಡವಳಾದ ಅಕ್ಕನನ್ನು ಆಚೆ ದಡಕ್ಕೆ ಮದುವೆ ಮಾಡಿಕೊಟ್ಟರು. ಮಾಳಿಗೆ ಮೇಲೆ ನಿಂತರೆ ಅಕ್ಕನ ಮನೆಯ ಚಾವಣಿ ಕಾಣುತ್ತಿತ್ತು. ಇವರಿಗೆ ಇಪ್ಪತ್ತು ತುಂಬಿದ ವರ್ಷ ಎರಡು ಸರ್ಕಾರಗಳಿಗೆ ಜಗಳವಾಗಿ ಸೇತುವೆಗೆ ಗೇಟು ಬಿತ್ತು. ದೊಡ್ಡವರ ಜಗಳದಲ್ಲಿ ಕೂಸು ಬಡವಾಯಿತು. ವೀಸಾ ನಿಂತಿತು. ಮುಂದೆ ಮೂರನೆಯ ದೇಶದಲ್ಲಾದರೂ ಭೇಟಿಯಾಗೋಣ ಎಂದು ಅಕ್ಕ ತಂಗಿ ಒಮ್ಮೆ ಲೆಕ್ಕ ಹಾಕಿದ್ದುಂಟು. ಅಷ್ಟರಲ್ಲಿ ಭಾವ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಅವರನ್ನು ಬಿಟ್ಟು ಅಕ್ಕ ಊರು ದಾಟುವಂತಿಲ್ಲ. ಅದಕ್ಕೇ ಹದಿನಾರು ವರ್ಷವಾಯಿತು.

ಮೇಜಿನ ಮೇಲಿರುವುದು ಆ ಸೇತುವೆಯ ಒಪ್ಪಂದದ ಕಾರ್ಡು. ಗಡಿಯ ಎರಡೂ ಕಡೆ ಇರುವ ಒಡಹುಟ್ಟಿದವರು, ತಂದೆತಾಯಿ, ಮಕ್ಕಳು ವರ್ಷಕ್ಕೆ ಎರಡು ಸಲ ಹೋಗಿ ಇದ್ದು ಬರಬಹುದು ಎಂಬ ಒಪ್ಪಂದ. ಸಹಿಯಾಗಿ ಇಪ್ಪತ್ತೊಂಬತ್ತು ವರ್ಷ. ಅದನ್ನು ಬರೆದವರು ಸಂಘದ ಸ್ಥಾಪಕರು, ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದ ಪ್ರಾಧ್ಯಾಪಕರು. ಎರಡು ವರ್ಷದ ನಂತರ ಎರಡೂ ಸಂಸತ್ತುಗಳು ಅದಕ್ಕೆ ಒಪ್ಪಿಗೆ ಕೊಟ್ಟವು. ಮೇಷ್ಟ್ರು ಆಗ ಸಂಘವೇ ಅಚ್ಚು ಹಾಕಿಸುತ್ತಿದ್ದ ತಮ್ಮ ಪಠ್ಯಪುಸ್ತಕದ ಮೂರನೆಯ ಆವೃತ್ತಿ ಸಿದ್ಧ ಮಾಡುತ್ತಿದ್ದರು. ಒಪ್ಪಂದಗಳ ಕೋಷ್ಟಕವನ್ನು ಅವರು ಹೇಳುತ್ತ ಹೋದರು, ಈಕೆ ಟೈಪು ಮಾಡುತ್ತ ಹೋದರು. ಸೇತುವೆಯ ಒಪ್ಪಂದ ಬಂದಾಗ ಮೇಷ್ಟ್ರು ಸಂಭ್ರಮದಿಂದ "ಜಾರಿಯಲ್ಲಿದೆ ಅಂತ ಹಾಕಮ್ಮ" ಎಂದರು.

"ನಾನೇ ಟೈಪ್ ಮಾಡಿದ್ದು. ಈ ಕೈಯಲ್ಲೇ" ಎಂದು ಕಾರ್ಡಮ್ಮ ಬಲಗೈಯನ್ನು ಮೇಜಿನ ಮೇಲಿಡುತ್ತಾರೆ. "ಅಷ್ಟು ದೊಡ್ಡೋರು ಹೇಳಿದಾರೆ, ಅಚ್ಚಾಗಿದೆ, ಇನ್ನೇನು ಅಂತ ಆ ಪುಟಾನ ಹಿಡ್ಕೊಂಡು ಅಮ್ಮನ್ನ ಕರ್ಕೊಂಡು ಸೇತುವೆಗೆ ಹೋದೆ. ಅಕ್ಕನಿಗೂ ಕಾಗದ ಹಾಕಿದ್ದೆ, ಇಂಥ ದಿನ ಬರ್ತೀವಿ ಅಂತ. ಕಾವಲಿನೋನು ಒಳ್ಳೆ ಮನುಷ್ಯ. ಪುಟ ಓದಿದ. ತನ್ನ ಪಟ್ಟಿ ತೆಗೆದು ನೋಡಿದ. ನಮ್ಮಲ್ಲಿ ಹೀಗೊಂದು ಇಲ್ವಲ್ಲಮ್ಮ ಅಂದ. ಬಿಸಿಲು. ಅಮ್ಮ ಮೈಲಿಗಲ್ಲಿನ ಮೇಲೆ ನಾಲ್ಕು ಗಂಟೆ ಕೂತಿದ್ರು. ಆ ತುದೀಲಿ ಒಂದು ಹಸಿರು ಸೀರೆ ಕಾಣಿಸ್ತಿತ್ತು. ಅಕ್ಕನೇ ಇರಬೇಕು. ಅಮ್ಮನಿಗೆ ಅಷ್ಟು ದೂರ ಕಣ್ಣು ಕಾಣ್ತಿರಲಿಲ್ಲ. ಅವಳು ಬಂದಿದಾಳಾ, ಬಂದಿದಾಳಾ ಅಂತ ಕೇಳ್ತಾನೇ ಇದ್ರು. ಬಂದಿಲ್ಲಮ್ಮ ಅಂದುಬಿಟ್ಟೆ." ನಾಲ್ಕು ವರ್ಷದ ಮೇಲೆ ತಾಯಿ ತೀರಿಕೊಂಡರು. ದೊಡ್ಡ ಮಗಳ ಮುಖವನ್ನು ಅವರು ಮತ್ತೆ ನೋಡಲಿಲ್ಲ.

ಆದದ್ದಿಷ್ಟು. ಸಂಸತ್ತುಗಳು ಒಪ್ಪಿದ್ದವು, ಪತ್ರಗಳು ಕೈ ಬದಲಾಗಿರಲಿಲ್ಲ. ಬದಲಾಗದೆ ಉಳಿದದ್ದಕ್ಕೆ ಕಾರಣ ಈ ಕಸುಬಿನವರು ಮಾತ್ರ ಮಾಡಬಲ್ಲ ಒಂದು ತಪ್ಪು. ಪತ್ರಗಳನ್ನು ಎಲ್ಲಿ ವಿನಿಮಯ ಮಾಡಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಯುವುದು ವಾಡಿಕೆ. ನಮ್ಮ ರಾಜಧಾನಿಯಲ್ಲಾಗಲಿ ಎಂದು ಇವರು, ನಮ್ಮಲ್ಲಾಗಲಿ ಎಂದು ಅವರು. ಮಾತುಕತೆ ಮುರಿದು ಬೀಳುವ ಹಂತದಲ್ಲಿ ಮೇಷ್ಟ್ರು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು, ಜಾಗದ ಹೆಸರನ್ನೇ ಬಿಟ್ಟು 'ವಿನಿಮಯ ಮಾಡಿಕೊಳ್ಳತಕ್ಕದ್ದು' ಎಂದಷ್ಟೇ ಬರೆದರು. ಒಳ್ಳೆಯ ಮನಸ್ಸಿನವರು ತಾವಾಗಿಯೇ ಎಲ್ಲೋ ಒಂದು ಕಡೆ ಸೇರುತ್ತಾರೆ ಎಂದು ನಂಬಿದ್ದರು. ನೀವು ಬನ್ನಿ ಎಂದು ಇವರು, ನೀವೇ ಬನ್ನಿ ಎಂದು ಅವರು ಕಾಯುತ್ತ ಕೂತರು. ಎರಡೂ ಪತ್ರಗಳು ಮೊಹರು ಹಾಕಿಸಿಕೊಂಡು ಎರಡು ಕಪಾಟುಗಳಲ್ಲಿ ಮಲಗಿದವು.

ಮೇಷ್ಟ್ರು ನಿವೃತ್ತರಾದ ದಿನ ಇಪ್ಪತ್ತೊಂದು ಮೆಟ್ಟಿಲು ಇಳಿದು ಬಂದು ಈ ಕೋಣೆಯ ಸ್ಟೂಲಿನ ಮೇಲೆ ಕೂತರಂತೆ. "ಒಂದು ಊರಿನ ಹೆಸರು ಬರೆಯೋ ಧೈರ್ಯ ನನಗೆ ಬರಲಿಲ್ಲ ಕಣಮ್ಮ. ನಿಮ್ಮ ತಾಯಿ ಹತ್ರ ನಾನು ಕ್ಷಮೆ ಕೇಳಬೇಕಿತ್ತು" ಎಂದು ಅತ್ತರಂತೆ. ಕಾರ್ಡಮ್ಮನಿಗೆ ಅವರ ಮೇಲೆ ಸಿಟ್ಟಿಲ್ಲ. ಇತ್ತು, ಸವೆದು ಹೋಯಿತು ಎನ್ನುತ್ತಾರೆ.

ಸಿಟ್ಟಿನ ಜಾಗದಲ್ಲಿ ಅವರು ಹಟವನ್ನು ತಂದಿಟ್ಟುಕೊಂಡರು. ಸಂಘ ಪ್ರತಿವರ್ಷ ಕಾನೂನು ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ನಡೆಸುತ್ತದೆ. ಐದು ವಿಷಯಗಳನ್ನು ಸಮಿತಿ ಆರಿಸಬೇಕು. ಸಮಿತಿ ಒಂದು ವರ್ಷವೂ ಐದರ ಮೇಲೆ ಒಮ್ಮತಕ್ಕೆ ಬಂದದ್ದಿಲ್ಲ, ನಾಲ್ಕರ ಹೊತ್ತಿಗೇ ಊಟದ ಸಮಯವಾಗುತ್ತದೆ. ಖಾಲಿ ಉಳಿದ ಜಾಗಕ್ಕೆ ಕಾರ್ಡಮ್ಮ ತಾವೇ ಒಂದು ಸಾಲು ಟೈಪು ಮಾಡುತ್ತಾರೆ. 'ವಿನಿಮಯದ ಸ್ಥಳ ಹೇಳದ ಒಪ್ಪಂದ: ಪರಿಹಾರವೇನು?' ಇಪ್ಪತ್ತೆರಡು ವರ್ಷದಿಂದ ಅದೇ ಐದನೆಯ ವಿಷಯ. ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ. ಮುಟ್ಟಿದವರು ನೆಲಮಾಳಿಗೆಗೆ ಬರುತ್ತಾರೆ, ಕಾರ್ಡು ನೋಡುತ್ತಾರೆ, ಟೀ ಕುಡಿಯುತ್ತಾರೆ. ಹನ್ನೊಂದು ವರ್ಷದ ಹಿಂದೆ ಹಾಗೆ ಬಂದ ಹುಡುಗಿಯೊಬ್ಬಳು ಮೂರು ವಾರ ಇಲ್ಲೇ ಕೂತು ಬರೆದಳು. ಬಹುಮಾನ ಬರಲಿಲ್ಲ. ಆಕೆ ಈಗ ವಿದೇಶಾಂಗ ಇಲಾಖೆಯಲ್ಲಿ ಕಾನೂನು ಅಧಿಕಾರಿ.

ಅಕ್ಕನ ಜೊತೆ ಪ್ರತಿ ಭಾನುವಾರ ಫೋನು ಉಂಟು. ಈಗ ಫೋನಿನಲ್ಲಿ ಮುಖವೂ ಕಾಣುತ್ತದೆ. "ಮುಖ ಕಾಣುತ್ತೆ, ಕೈ ಸಿಗಲ್ಲ" ಎನ್ನುತ್ತಾರೆ ಕಾರ್ಡಮ್ಮ. ಆ ಕಾಣುವುದೂ ಒಂದೇ ಕಡೆಯದಾಗುತ್ತ ಬಂದಿದೆ. ಅರವತ್ತನಾಲ್ಕರ ಅಕ್ಕನಿಗೆ ಅಮ್ಮನ ಕಣ್ಣಿನ ಕಾಯಿಲೆಯೇ ಬಂದಿದೆ. ಎಡಗಣ್ಣು ಹೋಗಿದೆ, ಬಲಗಣ್ಣಿನಲ್ಲಿ ಉಳಿದಿರುವ ದೃಷ್ಟಿ ಹೆಚ್ಚೆಂದರೆ ಒಂದು ವರ್ಷ ಎಂದು ಅಲ್ಲಿನ ವೈದ್ಯರು ಹೇಳಿದ್ದಾರೆ. ಕಾರ್ಡಮ್ಮ ಹಂಬಲಿಸುವುದು ಇಷ್ಟಕ್ಕೇ. ಆ ಕಣ್ಣು ಆರುವ ಮೊದಲು ಅದರ ಎದುರು ಒಮ್ಮೆ ಹೋಗಿ ನಿಲ್ಲಬೇಕು. ಫೋನಿನಲ್ಲಿ ಅಕ್ಕ ತೀರ ಹತ್ತಿರ ಬಂದು ನೋಡುತ್ತಾಳೆ, ಆಗ ಈ ಕಡೆಗೆ ಬರೀ ಹಣೆ ಮತ್ತು ಒಂದು ಕಣ್ಣು ಕಾಣುತ್ತದೆ. "ನೀನು ಅಮ್ಮನ ಥರ ಆಗಿದೀಯಂತೆ, ಹೌದೇನೇ?" ಎಂದು ಹೋದ ತಿಂಗಳು ಕೇಳಿದಳಂತೆ.

ಎರಡು ವಾರದ ಹಿಂದಿನ ಸೋಮವಾರ ಪತ್ರಿಕೆಗಳ ಮುಖಪುಟದಲ್ಲಿ ಎರಡು ದೇಶದ ಮಂತ್ರಿಗಳು ಕೈ ಕುಲುಕುತ್ತಿರುವ ಚಿತ್ರ ಬಂತು. 'ಸೇತುವೆ ಒಪ್ಪಂದಕ್ಕೆ ಮರುಜೀವ.' ಬೆಳಿಗ್ಗೆ ಒಂಬತ್ತರೊಳಗೆ ಮೂವತ್ತೊಂದು ಫೋನು, ಒಂದೂ ಪ್ರಶ್ನೆಯಲ್ಲ, ಎಲ್ಲ ಅಭಿನಂದನೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ಮೂರು ಪಂಗಡಗಳೂ ಮೊದಲ ಸಲ ಒಂದಾಗಿದ್ದವು. ಕಾರ್ಡಮ್ಮ ಎಲ್ಲರಿಗೂ "ಸಂತೋಷ ಸರ್, ಪತ್ರ ಇನ್ನೂ ಕೈ ಬದಲಾಗಿಲ್ಲ" ಎಂದರು. ಆ ಭಾನುವಾರ ಅಕ್ಕನೂ ಕೇಳಿದಳು. ಅಲ್ಲಿನ ಪತ್ರಿಕೆಯಲ್ಲೂ ಬಂದಿತ್ತು. "ಹಾಗೇನಿಲ್ಲಕ್ಕ, ಬರೀ ಮಾತು" ಎಂದರು. ಫೋನಿಟ್ಟ ಮೇಲೆ ಕಾರ್ಡಮ್ಮ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು ಎಂದು ಯಜಮಾನರು ಹೇಳುತ್ತಾರೆ.

ಸಮ್ಮೇಳನಕ್ಕೆ ಎರಡು ದಿನ ಇರುವಾಗ ಸಂಘದ ಅಧ್ಯಕ್ಷರ ಭಾಷಣ ಟೈಪಿಗೆ ಬಂತು. ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿಗಳು, ಕೆಟ್ಟವರಲ್ಲ, ಅವಸರದವರು. ಐದನೆಯ ಪುಟದಲ್ಲಿ 'ಸೇತುವೆ ಒಪ್ಪಂದ ಈಗ ಜಾರಿಗೆ ಬಂದಿದೆ' ಎಂಬ ಸಾಲಿತ್ತು. ಅದರ ಕೆಳಗೆ ಕಾರ್ಡಮ್ಮನನ್ನು ವೇದಿಕೆಗೆ ಕರೆದು ಸನ್ಮಾನಿಸುವ ಮಾತೂ ಇತ್ತು. ಮೂವತ್ತನಾಲ್ಕು ವರ್ಷದಲ್ಲಿ ವೇದಿಕೆಯ ಮೇಲೆ ಮೈಕು ಸರಿಮಾಡಲು ಬಿಟ್ಟರೆ ಅವರು ಹತ್ತಿದ್ದಿಲ್ಲ. ಆ ಸಾಲನ್ನು ಟೈಪು ಮಾಡದೆ, ಜಾಗ ಖಾಲಿ ಬಿಟ್ಟು, ಭಾಷಣವನ್ನು ಹಿಡಿದು ಅವರು ಮೂರನೆಯ ಮಹಡಿಗೆ ಹೋದರು.

"ಏನಮ್ಮಾ, ಇನ್ನು ಉಳಿದಿರೋದು ಬರೀ ಔಪಚಾರಿಕ ಅಲ್ವಾ?" ಎಂದರು ಅಧ್ಯಕ್ಷರು.

"ಆ ಔಪಚಾರಿಕಕ್ಕೇ ಸರ್, ನಮ್ಮಮ್ಮ ಮೈಲಿಗಲ್ಲಿನ ಮೇಲೆ ನಾಲ್ಕು ಗಂಟೆ ಕೂತಿದ್ದು. ನಿಮ್ಮ ಭಾಷಣ ಭಾನುವಾರದ ಪೇಪರಲ್ಲಿ ಬರುತ್ತೆ. ಅದನ್ನ ಹಿಡ್ಕೊಂಡು ಇನ್ಯಾರೋ ಮುದುಕಿ ಗೇಟಿಗೆ ಹೋಗ್ತಾಳೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ತೀರ್ಪು ಬರೆದೂ ಬರೆದೂ ಅಭ್ಯಾಸವಿದ್ದ ಕೈ ಆ ಸಾಲನ್ನು ಹೊಡೆದು ಹಾಕಿತು. ಸನ್ಮಾನ ಮಾತ್ರ ಇರಲಿ ಎಂದರು. ಅದೂ ಬೇಡ ಎಂದರು ಈಕೆ, ಹಸಿರು ಅಂಟಿಸದೆ ಯಾವ ಮುಖ ಹೊತ್ತು ವೇದಿಕೆ ಹತ್ತಲಿ ಎಂದು. ಶನಿವಾರ ಸಮ್ಮೇಳನದಲ್ಲಿ ಅಧ್ಯಕ್ಷರು ಇನ್ನೂರು ಜನರ ಎದುರು ನಿಧಾನವಾಗಿ ಓದಿದ್ದು ಹೀಗೆ: "ಸೇತುವೆ ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ. ಅದು ಜಾರಿಯಲ್ಲಿದೆ ಎಂದು ಇಪ್ಪತ್ತೇಳು ವರ್ಷದ ಹಿಂದೆ ನಮ್ಮ ಸಂಘದ ಪುಸ್ತಕ ಹೇಳಿತ್ತು. ಅದು ನಮ್ಮ ತಪ್ಪು. ಗಡಿಯವರೆಗೆ ಹೋಗಿ ಬರಿಗೈಯಲ್ಲಿ ಬಂದವರಿಗೆ ಸಂಘ ಕ್ಷಮೆ ಕೇಳುತ್ತದೆ." ಸಭೆಯ ಹಿಂಬದಿಯಲ್ಲಿ, ಟೀ ಕಪ್ಪುಗಳ ಮೇಜಿನ ಹತ್ತಿರ ನಿಂತಿದ್ದ ಕಾರ್ಡಮ್ಮ ಕಪ್ಪು ಜೋಡಿಸುವುದನ್ನು ನಿಲ್ಲಿಸಿದರು. ತಾಯಿಗೆ ಸಿಗಬೇಕಾದ್ದು ಸಿಕ್ಕಿತು ಎನ್ನಿಸಿತಂತೆ, ತಾಯಿ ಇರಲಿಲ್ಲ ಅಷ್ಟೇ.

ಟೀ ವಿರಾಮದಲ್ಲಿ ಇಲಾಖೆಯ ಆ ಅಧಿಕಾರಿ, ಹಿಂದೆ ಐದನೆಯ ವಿಷಯಕ್ಕೆ ಬರೆದಿದ್ದ ಹುಡುಗಿ, ಅವರನ್ನು ಪಕ್ಕಕ್ಕೆ ಕರೆದಳು. ಪತ್ರ ವಿನಿಮಯಕ್ಕೆ ಜಾಗ ಗೊತ್ತಾಗಿದೆ. ಇವರ ರಾಜಧಾನಿಯೂ ಅಲ್ಲ, ಅವರದ್ದೂ ಅಲ್ಲ, ಸೇತುವೆಯ ನಟ್ಟನಡುವೆ. ಅವಳು ಅಂದು ಬಹುಮಾನ ಬರದ ಪ್ರಬಂಧದಲ್ಲಿ ಸೂಚಿಸಿದ್ದೂ ಅದನ್ನೇ. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಪತ್ರ ಕೊಡುವ ಮೊದಲು ಎರಡೂ ಕಡೆಯ ಪ್ರತಿಗಳನ್ನು ಸಾಲು ಸಾಲಾಗಿ ಹೋಲಿಸಿ ನೋಡಬೇಕು, ಅದಕ್ಕೆ ಪಳಗಿದ ಕಣ್ಣು ಬೇಕು.

"ನಮ್ಮ ತಂಡದಲ್ಲಿ ನಿಮ್ಮ ಹೆಸರು ಹಾಕಿಸಿದೀನಿ ಅಮ್ಮಾ. ನಿಮ್ಮಕ್ಕನಿಗೆ ಹೇಳಿ, ಆ ತುದೀಲಿ ಬಂದು ನಿಂತ್ಕೊಳ್ಳಲಿ. ದೂರದಿಂದಾದ್ರೂ ನೋಡಬಹುದು."

ಕಾರ್ಡಮ್ಮ ಅವಳ ಕೈ ಹಿಡಿದುಕೊಂಡರು. ಬರುತ್ತೇನೆ ಎಂದರು. ಅಕ್ಕನಿಗೆ ಮಾತ್ರ ಹೇಳಲಾರೆ ಎಂದರು. ಒಪ್ಪಂದದ ಪ್ರಕಾರ ಪತ್ರ ಕೈ ಬದಲಾದ ಮೂವತ್ತನೆಯ ದಿನಕ್ಕೆ ಗೇಟು ತೆಗೆಯುತ್ತದೆ, ಅಲ್ಲಿಯವರೆಗೆ ಸೇತುವೆಯ ನಡುವಿನಿಂದ ಒಂದು ಹೆಜ್ಜೆ ಮುಂದಿಡುವಂತಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಈ ಬರಹ ಅಚ್ಚಿಗೆ ಹೋಗುವಾಗ ಗುರುವಾರಕ್ಕೆ ಇನ್ನೂ ಮೂರು ದಿನ. ನೆಲಮಾಳಿಗೆಯಲ್ಲಿ ಕಾರ್ಡಮ್ಮ ಒಪ್ಪಂದದ ಎರಡು ಪ್ರತಿಗಳ ಮೇಲೆ ಅಡಿಪಟ್ಟಿ ಇಟ್ಟು ಸಾಲು ಸಾಲಾಗಿ ಕೆಳಗೆ ಸರಿಸುತ್ತ ಅಭ್ಯಾಸ ಮಾಡುತ್ತಿದ್ದಾರೆ. ಹತ್ತಿರದವರೆಗೆ ಹೋಗಿಯೂ ಅಕ್ಕನಿಗೆ ಹೇಳದೆ ಇರುವುದು ಕಷ್ಟವಲ್ಲವೇ ಎಂದರೆ ತಲೆ ಎತ್ತದೆ ಉತ್ತರ ಕೊಡುತ್ತಾರೆ.

"ಕಷ್ಟ. ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗ್ಕೊಂಡೆ. ಒಂದು ಸಲ ಅಮ್ಮನಿಗೆ ಆಸೆ ತೋರಿಸಿ ಕೂರಿಸಿದೀನಿ, ಇವಳನ್ನ ಕೂರಿಸಲ್ಲ. ಗುರುವಾರ ಹತ್ತು ಗಂಟೆಗೆ ಆ ಪತ್ರ ಅವರ ಕೈಗೆ ಹೋಗಿ, ಅವರದ್ದು ನಮ್ಮ ಕೈಗೆ ಬರಬೇಕು. ನನ್ನ ಕಣ್ಣಾರೆ ನೋಡಬೇಕು. ನೋಡಿದ ತಕ್ಷಣ, ಅಲ್ಲೇ ಸೇತುವೆ ಮೇಲೆ ನಿಂತ್ಕೊಂಡೇ ಫೋನ್ ಮಾಡ್ತೀನಿ. ಜಾಸ್ತಿ ಏನೂ ಹೇಳಲ್ಲ. ಅಕ್ಕಾ, ಮುಂದಿನ ತಿಂಗಳು ಊಟಕ್ಕೆ ಇನ್ನೊಂದು ತಟ್ಟೆ ಹಾಕು ಅಂತೀನಿ."